ಮೊಪೆಡ್ ಸದ್ದು ಮತ್ತು 34 ಕೋಟಿಯ ಕ್ಷಿಪಣಿ

ರಷ್ಯ ತಮ್ಮ ಮೇಲೆ ಬಿಡುವ ಡ್ರೋನ್‌ಗೆ ಉಕ್ರೇನಿನ ಜನ ಇಟ್ಟಿರುವ ಅಡ್ಡಹೆಸರು ‘ಮೊಪೆಡ್’. ನಿಜವಾದ ಹೆಸರು ಶಾಹೆದ್-136. ಹುಟ್ಟಿದ್ದು ಇರಾನಿನಲ್ಲಿ. ರಾತ್ರಿ ಊರ ಮೇಲೆ ಬರುವಾಗ ಅದರ ಸದ್ದು ಥೇಟ್ ಹಳೇ ಮೊಪೆಡ್ ಏರು ಹತ್ತಿದ ಹಾಗೆ. ನಮ್ಮ ಕಡೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಮೇಲೆ ಮೂರು ಜನ, ಎಲ್ಲವನ್ನೂ ಹೊತ್ತು ಹೋಗುವ ಟಿವಿಎಸ್ ಎಕ್ಸೆಲ್ ಇದೆಯಲ್ಲ, ಅದನ್ನು ನೆನಪಿಸಿಕೊಳ್ಳಿ. ಆ ಸದ್ದು ಆಕಾಶದಿಂದ ಬರುತ್ತಿದೆ, ಅದರ ಮೂತಿಯಲ್ಲಿ 40-50 ಕಿಲೋ ಸ್ಫೋಟಕ ಇದೆ ಅಂದುಕೊಳ್ಳಿ. 2022ರ ಸೆಪ್ಟೆಂಬರ್‌ನಿಂದ ಉಕ್ರೇನಿನ ಊರುಗಳು ಈ ಸದ್ದು ಕೇಳಿಕೊಂಡೇ ಮಲಗುತ್ತಿವೆ.

ಸದ್ದು ಹಾಗಿರುವುದಕ್ಕೆ ಕಾರಣ ಇದೆ. ಇದರಲ್ಲಿ ಜೆಟ್ ಎಂಜಿನ್ ಇಲ್ಲ. ಸಣ್ಣ ವಿಮಾನಗಳಿಗೆಂದು ಜರ್ಮನಿಯಲ್ಲಿ ಮಾಡಿದ್ದ ಪೆಟ್ರೋಲ್ ಎಂಜಿನ್ ಒಂದರ ನಕಲು, ಹಿಂದೆ ಒಂದು ಪಂಖ. ತೂಕ ಸುಮಾರು 200 ಕಿಲೋ. ವೇಗ ಗಂಟೆಗೆ 180 ಕಿಲೋಮೀಟರ್ ಆಸುಪಾಸು. ಯುದ್ಧ ವಿಮಾನದ ಮುಂದೆ ಇದು ಎತ್ತಿನ ಗಾಡಿ. ಈಗ ರಷ್ಯವೇ ಇದನ್ನು ತಾತರ್‌ಸ್ತಾನದ ಅಲಾಬುಗಾ ಎಂಬಲ್ಲಿ ಕಾರ್ಖಾನೆ ಹಾಕಿ ತಯಾರಿಸುತ್ತಿದೆ. ಅವರು ಕೊಟ್ಟ ಹೆಸರು ಗೆರಾನ್-2. ಗೆರಾನ್ ಅಂದರೆ ಜೆರೇನಿಯಂ ಹೂವು. ಆಯುಧಗಳಿಗೆ ಹೂವಿನ ಹೆಸರಿಡುವುದು ರಷ್ಯದವರ ಹಳೇ ಚಾಳಿ. ಇದರ ಜೊತೆ ಥರ್ಮೋಕೋಲ್‌ನಂಥ ಫೋಮ್, ಪ್ಲೈವುಡ್ ಸೇರಿಸಿ ಮಾಡಿದ ಸುಳ್ಳು ಡ್ರೋನ್‌ಗಳನ್ನೂ ಬಿಡುತ್ತಾರೆ. ಬಹಳಷ್ಟರಲ್ಲಿ ಸ್ಫೋಟಕವೇ ಇರುವುದಿಲ್ಲ. ಎದುರಾಳಿಯ ಗುಂಡು ಖರ್ಚು ಮಾಡಿಸುವುದಷ್ಟೇ ಅದರ ಕೆಲಸ. ಅದರ ಹೆಸರು ಗೆರ್ಬೆರಾ. ನಮ್ಮ ಮದುವೆ ಮಂಟಪಕ್ಕೆ ಚುಚ್ಚುವ ಜರ್ಬೆರಾ ಹೂವೇ!

ಈಗ ಬೆಲೆಯ ವಿಷಯ. ಒಂದು ಶಾಹೆದ್ ಮಾಡಲು ಸಾಮಾನ್ಯವಾಗಿ ಹೇಳುವ ಅಂದಾಜು 20 ಸಾವಿರದಿಂದ 50 ಸಾವಿರ ಡಾಲರ್. ನಮ್ಮ ದುಡ್ಡಿನಲ್ಲಿ 17ರಿಂದ 43 ಲಕ್ಷ, ಅಂದರೆ ಒಂದು ಒಳ್ಳೇ ಕಾರಿನ ಬೆಲೆ. ಅಮೆರಿಕದ ಪೇಟ್ರಿಯಾಟ್ ವಾಯು ರಕ್ಷಣಾ ವ್ಯವಸ್ಥೆಯಿಂದ ಇದನ್ನು ಹೊಡೆಯಬೇಕು ಎಂದರೆ ಒಂದು ಹೊಸ ಮಾದರಿಯ ಕ್ಷಿಪಣಿಗೆ ಸುಮಾರು 40 ಲಕ್ಷ ಡಾಲರ್, 34 ಕೋಟಿ ರೂಪಾಯಿ. ಆ ಕ್ಷಿಪಣಿಗಳನ್ನು 2024ರ ಇಡೀ ವರ್ಷದಲ್ಲಿ ಮಾಡಿದ್ದು 500ರ ಹತ್ತಿರ. ರಷ್ಯ 2025ರ ಸೆಪ್ಟೆಂಬರ್ 7ರ ಒಂದೇ ರಾತ್ರಿ ಉಕ್ರೇನ್ ಮೇಲೆ ಬಿಟ್ಟ ಡ್ರೋನ್‌ಗಳು, ಉಕ್ರೇನಿನ ವಾಯುಪಡೆಯ ಲೆಕ್ಕದಲ್ಲಿ, 800ಕ್ಕೂ ಜಾಸ್ತಿ.

ಡ್ರೋನ್ ಯುದ್ಧದ ಬಗ್ಗೆ ನಮ್ಮ ಟಿವಿಗಳಲ್ಲಿ ಬರುವ ಮಾತೆಲ್ಲ ತಂತ್ರಜ್ಞಾನದ ಸುತ್ತಲೇ ಇರುತ್ತೆ. ಎಐ ಅಂತೆ, ಹಿಂಡು ಡ್ರೋನ್ ಅಂತೆ, ಕಣ್ಣಿಗೆ ಕಾಣದ ಅದೇನೋ ಅಂತೆ. ನನಗನ್ನಿಸುವುದು ಬೇರೆ. ನಿಜವಾದ ಬದಲಾವಣೆ ಆಗಿರುವುದು ಬೆಲೆಪಟ್ಟಿಯಲ್ಲಿ. ದೂರದಿಂದ, ಗುರಿಯಿಟ್ಟು ಹೊಡೆಯುವ ಶಕ್ತಿ 20 ವರ್ಷದ ಹಿಂದೆ ಬೆರಳೆಣಿಕೆಯ ದೇಶಗಳ ಸ್ವತ್ತಾಗಿತ್ತು. ಈಗ ಅದು ಅಂಗಡಿ ಸಾಮಾನು.

ಆ ಹಳೇ ಕಾಲವನ್ನು ಸ್ವಲ್ಪ ನೋಡಿ. ಬಾಗ್ದಾದ್‌ನಲ್ಲಿ ಹುಟ್ಟಿ, ಇಸ್ರೇಲಿನಲ್ಲಿ ಎಂಜಿನಿಯರ್ ಆಗಿದ್ದ ಅಬ್ರಹಾಂ ಕರೆಮ್ ಎಂಬಾತ ಅಮೆರಿಕಕ್ಕೆ ಹೋಗಿ, ಲಾಸ್ ಏಂಜಲೀಸ್‌ನ ತನ್ನ ಮನೆಯ ಗ್ಯಾರೇಜಿನಲ್ಲಿ ಕೂತು ತಿದ್ದಿ ತೀಡಿದ ಡ್ರೋನ್‌ನ ಸಂತಾನವೇ ಪ್ರಿಡೇಟರ್. 2001ರ ಅಕ್ಟೋಬರ್ 7ರಂದು ಅಫ್ಘಾನಿಸ್ತಾನದಲ್ಲಿ ಅದು ಯುದ್ಧದಲ್ಲಿ ಮೊದಲ ಸಲ ಕ್ಷಿಪಣಿ ಹಾರಿಸಿತು. ಮುಂದೆ ಅಮೆರಿಕದ ಪೈಲಟ್‌ಗಳು ನೆವಾಡದ ಕೋಣೆಯೊಂದರಲ್ಲಿ ಕೂತು ಅಫ್ಘಾನಿಸ್ತಾನದಲ್ಲಿ ಕ್ಷಿಪಣಿ ಹಾರಿಸುವುದು ದಿನನಿತ್ಯದ ಕೆಲಸವಾಯಿತು. ಆದರೆ ಅದಕ್ಕೆ ಉಪಗ್ರಹ ಬೇಕು, ರನ್‌ವೇ ಬೇಕು, ನೂರಾರು ಜನ ಬೇಕು, ಎಲ್ಲಕ್ಕಿಂತ ಜಾಸ್ತಿ ಎದುರಾಳಿಯ ಹತ್ತಿರ ವಿಮಾನ ಹೊಡೆಯುವ ಆಯುಧ ಇರಬಾರದು. ಅದು ಬಲಾಢ್ಯ ಬಡವನಿಗೆ ಹೊಡೆಯುವ ಯುದ್ಧ.

2020ರಲ್ಲಿ ನಗೋರ್ನೋ-ಕರಬಾಖ್‌ನ 44 ದಿನಗಳ ಯುದ್ಧ ಬಂತು. ಟರ್ಕಿಯ ಬೈರಕ್ತಾರ್, ಇಸ್ರೇಲಿನ ಹಾರಪ್ ಡ್ರೋನ್‌ಗಳನ್ನು ಇಟ್ಟುಕೊಂಡು ಅಜರ್‌ಬೈಜಾನ್ ಎಂಬ ಸಣ್ಣ ದೇಶ ಅರ್ಮೇನಿಯದ ಟ್ಯಾಂಕ್, ರಾಡಾರ್‌ಗಳನ್ನು ಒಂದೊಂದಾಗಿ ಸುಟ್ಟಿತು. ಅಲ್ಲಿ ಅವರು ಮಾಡಿದ ಒಂದು ಉಪಾಯ ನನಗೆ ಬಹಳ ಇಷ್ಟ. ಸೋವಿಯತ್ ಕಾಲದ, ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯ ಹಳೇ ವಿಮಾನಗಳನ್ನು ಪೈಲಟ್ ಇಲ್ಲದೆ ಹಾರಿಸಿಬಿಟ್ಟರು. ಅರ್ಮೇನಿಯದವರು ಅವನ್ನು ಹೊಡೆಯಲು ರಾಡಾರ್ ಹಾಕಿದರು. ರಾಡಾರ್ ಎಲ್ಲಿದೆ ಅಂತ ತಿಳಿದ ಕೂಡಲೇ ಡ್ರೋನ್ ಬಂದು ಅದರ ಮೇಲೇ ಬಿತ್ತು. ಗುಜರಿಗೆ ಹಾಕಬೇಕಿದ್ದ ವಿಮಾನ ಕೋಟಿಗಟ್ಟಲೆ ಬೆಲೆಯ ರಾಡಾರ್‌ಗೆ ಮುಳುವಾಯಿತು.

ಉಕ್ರೇನ್ ಯುದ್ಧದ ಮೊದಲ ವಾರಗಳಲ್ಲೂ ಬೈರಕ್ತಾರ್ ಹೆಸರು ಜೋರಾಗಿತ್ತು. ಕೆಲವೇ ತಿಂಗಳಲ್ಲಿ ರಷ್ಯ ತನ್ನ ವಾಯು ರಕ್ಷಣೆ ಸರಿ ಮಾಡಿಕೊಂಡಿತು. ಸುಮಾರು 50 ಲಕ್ಷ ಡಾಲರ್‌ನ ಆ ನಿಧಾನದ ಡ್ರೋನ್ ಸುಲಭದ ತುತ್ತಾಯಿತು. ಅದರ ಜಾಗಕ್ಕೆ ಬಂದದ್ದು ಎಫ್‌ಪಿವಿ. ಹವ್ಯಾಸಕ್ಕೆ ರೇಸ್ ಆಡುವವರ ಡ್ರೋನ್ ಇದು. ಕಾರ್ಬನ್ ಫೈಬರ್‌ನ ಚೌಕಟ್ಟು, ನಾಲ್ಕು ಮೋಟಾರ್, ಒಂದು ಸಣ್ಣ ಕ್ಯಾಮೆರಾ, ಬ್ಯಾಟರಿ. ಕೆಳಗೆ ಟ್ಯಾಂಕ್ ಒಡೆಯುವ ಆರ್‌ಪಿಜಿ ಸಿಡಿತಲೆಯನ್ನು ಟೇಪ್, ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿದು ಕಟ್ಟುತ್ತಾರೆ. ಐದಾರು ಕಿಲೋಮೀಟರ್ ದೂರದ ಯಾವುದೋ ನೆಲಮಾಳಿಗೆಯಲ್ಲಿ ಕೂತ ಹುಡುಗ ಕಣ್ಣಿಗೆ ಗಾಗಲ್ ಹಾಕಿಕೊಂಡು, ಡ್ರೋನಿನ ಕಣ್ಣಿನಿಂದಲೇ ನೋಡುತ್ತ ಅದನ್ನು ಟ್ಯಾಂಕಿನ ಮೇಲೆ ಬೀಳಿಸುತ್ತಾನೆ. ಖರ್ಚು 400-500 ಡಾಲರ್. ನಮ್ಮ ಲೆಕ್ಕದಲ್ಲಿ ಒಂದು ಹೊಸ ಮೊಪೆಡ್‌ಗೆ ಕೊಡುವಷ್ಟು ದುಡ್ಡು. 2024ರಲ್ಲಿ ತಾನು 20 ಲಕ್ಷಕ್ಕೂ ಹೆಚ್ಚು ಡ್ರೋನ್ ಮಾಡಿದೆ ಎಂದು ಉಕ್ರೇನ್ ಹೇಳಿಕೊಂಡಿದೆ.

ಹೊಲಕ್ಕೆ ಔಷಧಿ ಹೊಡೆಯುವ ದೊಡ್ಡ ಡ್ರೋನ್‌ಗಳನ್ನು ನೀವೀಗ ಕಲಬುರಗಿ ಕಡೆಯ ತೊಗರಿ ಹೊಲಗಳಲ್ಲೂ ನೋಡಬಹುದು. ಅದೇ ಜಾತಿಯ ಆರು ಪಂಖಗಳ ಡ್ರೋನ್ ಅಲ್ಲಿ ರಾತ್ರಿ ಬಾಂಬ್ ಹಾಕುವ ಯಂತ್ರವಾಯಿತು. ರಷ್ಯದ ಸೈನಿಕರು ಅದಕ್ಕಿಟ್ಟ ಹೆಸರು ‘ಬಾಬಾ ಯಾಗಾ’, ಅವರ ಅಜ್ಜಿಕಥೆಗಳಲ್ಲಿ ಮಕ್ಕಳನ್ನು ಹಿಡಿದು ತಿನ್ನುವ ಮುದುಕಿ. ಯಾವ ದೇಶ ಯಾವ ಡ್ರೋನ್ ಕೊಳ್ಳಬೇಕು, ಯಾರಿಗೆ ಮಾರಬಾರದು ಅಂತ ನಿಯಮ ಮಾಡಲು ಹೊರಟವರಿಗೆ ಇಲ್ಲೇ ತಲೆನೋವು. ಔಷಧಿ ಡಬ್ಬ ಬಿಚ್ಚಿ ಬಾಂಬ್ ಕಟ್ಟುವುದನ್ನು ಯಾವ ಕಸ್ಟಮ್ಸ್ ಅಧಿಕಾರಿ ತಡೆಯುತ್ತಾನೆ?

ಎಫ್‌ಪಿವಿಗೆ ಮೊದಲ ಮದ್ದು ಜಾಮರ್. ರೇಡಿಯೋ ಸಂಪರ್ಕ ಕೆಡಿಸಿದರೆ ಡ್ರೋನ್ ಕುರುಡಾಗುತ್ತದೆ. ಅದಕ್ಕೆ 2024ರಲ್ಲಿ ರಷ್ಯ ಕಂಡುಕೊಂಡ ಉತ್ತರ ಎಷ್ಟು ಸರಳ ಅಂದರೆ ನಗು ಬರುತ್ತೆ. ದಾರ! ಡ್ರೋನಿನ ಹೊಟ್ಟೆಯಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಉದ್ದದ ಆಪ್ಟಿಕಲ್ ಫೈಬರ್ ಉಂಡೆ. ಮನೆಗೆ ಇಂಟರ್ನೆಟ್ ತರುವ ಅದೇ ಗಾಜಿನ ಎಳೆ. ಡ್ರೋನ್ ಹಾರುತ್ತ ಹೋದ ಹಾಗೆ ದಾರ ಬಿಚ್ಚಿಕೊಳ್ಳುತ್ತದೆ, ಗಾಳಿಪಟ ಬಿಟ್ಟ ಹಾಗೆ. ರೇಡಿಯೋ ಇಲ್ಲದ ಮೇಲೆ ಜಾಮರ್ ಏನು ಮಾಡೀತು? ಅದು ಮನೆಯೊಳಗೆ ನುಗ್ಗುತ್ತದೆ, ರಸ್ತೆ ಪಕ್ಕದಲ್ಲಿ ಇಳಿದು ಗಾಡಿ ಬರುವ ತನಕ ಕಾದು ಕೂರುತ್ತದೆ. ಪೂರ್ವ ಉಕ್ರೇನಿನ ಎಷ್ಟೋ ಹೊಲಗಳಲ್ಲಿ ಈಗ ಬೆಳಗಿನ ಬಿಸಿಲಿಗೆ ಈ ಎಳೆಗಳು ಜೇಡರ ಬಲೆಯಂತೆ ಹೊಳೆಯುತ್ತವೆ. ಕೆಲವು ಹಕ್ಕಿಗಳು ಅದರಲ್ಲೇ ಗೂಡು ಕಟ್ಟಿವೆ.

ದಾರಕ್ಕೆ ಮದ್ದು ಬಲೆ. ಸುಮ್ನೆ ಹೇಳುತ್ತಿಲ್ಲ, ನಿಜವಾದ ಮೀನಿನ ಬಲೆ. ಖೆರ್ಸಾನ್, ದೊನೆತ್ಸ್ಕ್ ಕಡೆಯ ರಸ್ತೆಗಳಿಗೆ ಎರಡೂ ಬದಿ ಕಂಬ ನೆಟ್ಟು, ಮೇಲೆ ಚಪ್ಪರದ ಹಾಗೆ ಬಲೆ ಹೊದಿಸಿದ್ದಾರೆ. ಡ್ರೋನಿನ ಪಂಖ ಬಲೆಗೆ ಸಿಕ್ಕಿಕೊಳ್ಳಲಿ ಅಂತ. ಫ್ರಾನ್ಸ್, ಡೆನ್ಮಾರ್ಕ್, ಸ್ವೀಡನ್‌ನ ಮೀನುಗಾರರು ತಮ್ಮ ಹಳೇ ಬಲೆಗಳನ್ನು ಲಾರಿಗಟ್ಟಲೆ ಕಳಿಸಿಕೊಟ್ಟರು.

ಇದರಿಂದ ಯುದ್ಧಭೂಮಿಯ ಆಕಾರವೇ ಬದಲಾಯಿತು. ಮೊದಲು ‘ಗಡಿರೇಖೆ’ ಎಂದರೆ ಒಂದು ಗೆರೆ ಇರುತ್ತಿತ್ತು. ಗೆರೆಯಿಂದ ಐದು ಕಿಲೋಮೀಟರ್ ಹಿಂದೆ ಅಡುಗೆ ಮಾಡಬಹುದಿತ್ತು, ಲಾರಿ ನಿಲ್ಲಿಸಬಹುದಿತ್ತು. ಈಗ ಎರಡೂ ಕಡೆ 15-20 ಕಿಲೋಮೀಟರ್ ಅಗಲದ ಪಟ್ಟಿಯೊಂದಿದೆ. ಅದರೊಳಗೆ ಅಲುಗಾಡುವ ಯಾವುದೇ ವಸ್ತು ಹಗಲಲ್ಲಿ ಉಳಿಯುವುದು ಕಷ್ಟ. ನೂರು ಟ್ಯಾಂಕ್‌ಗಳನ್ನು ಒಟ್ಟುಗೂಡಿಸಿ ನುಗ್ಗುವುದು ಎಂಬ ನೂರು ವರ್ಷದ ಯುದ್ಧಪಾಠ ಅಲ್ಲಿ ನಡೆಯುವುದಿಲ್ಲ. ಒಟ್ಟುಗೂಡಿದ್ದು ಕಂಡ ಹತ್ತು ನಿಮಿಷಕ್ಕೆ ಡ್ರೋನ್ ಬರುತ್ತದೆ. ಅಮೆರಿಕ ಕೊಟ್ಟ ಏಬ್ರಾಮ್ಸ್ ಟ್ಯಾಂಕ್‌ಗಳನ್ನೇ 2024ರ ಏಪ್ರಿಲ್ ಹೊತ್ತಿಗೆ ಮುಂಚೂಣಿಯಿಂದ ಹಿಂದೆ ಸರಿಸಬೇಕಾಯಿತು. ಗಾಯಾಳುಗಳ ಪಾಡು ಇನ್ನೂ ಕಷ್ಟ. ಆಂಬುಲೆನ್ಸ್ ಹತ್ತಿರ ಬರುವಂತಿಲ್ಲ. ಹಾಗಾಗಿ ಕೆಲವರನ್ನು ಚಕ್ರದ ಮೇಲೆ ಹೋಗುವ ಸಣ್ಣ ರೋಬೋ ಗಾಡಿಗಳಲ್ಲಿ ಮಲಗಿಸಿ ಹೊರಗೆ ತರುತ್ತಿದ್ದಾರೆ.

ಹಾಗಂತ ಡ್ರೋನ್ ಬಂದು ಯುದ್ಧ ಗೆದ್ದುಕೊಟ್ಟಿತಾ? ಇಲ್ಲ. ಇಷ್ಟೆಲ್ಲ ಲಕ್ಷ ಡ್ರೋನ್ ಹಾರಿಸಿದ ಮೇಲೂ ಮುಂಚೂಣಿ ಸರಿದಾಡುತ್ತಿರುವುದು ಹಳ್ಳಿ ಲೆಕ್ಕದಲ್ಲಿ. ಮಂಜು ಮುಸುಕಿದರೆ ಎಫ್‌ಪಿವಿ ಕುರುಡು. ರಷ್ಯದ ಸೈನಿಕರು ಮಂಜಿನ ದಿನ ನೋಡಿಕೊಂಡೇ ಬೈಕ್ ಮೇಲೆ ಮುನ್ನುಗ್ಗಿದ ಉದಾಹರಣೆಗಳಿವೆ. ವಿಮಾನದಿಂದ ಹಾಕುವ ಭಾರೀ ಬಾಂಬ್ ಒಂದು ಇಡೀ ಕಟ್ಟಡ ಕೆಡವಿದರೆ, ಎಫ್‌ಪಿವಿ ಒಂದು ಕಿಟಕಿ ಒಡೆಯುತ್ತೆ ಅಷ್ಟೆ. ಫಿರಂಗಿಯ ಗುಂಡು ಸಾಲದೆ ಹೋದಾಗಲೇ ಉಕ್ರೇನ್ ಇಷ್ಟು ಜೋರಾಗಿ ಡ್ರೋನ್‌ಗೆ ಬಿದ್ದದ್ದು ಎಂಬುದನ್ನೂ ಮರೆಯಬಾರದು. ಡ್ರೋನ್ ಇಲ್ಲಿ ಮಾಡಿರುವುದು ಗೆಲ್ಲುವುದನ್ನು ಸುಲಭ ಮಾಡುವ ಕೆಲಸ ಅಲ್ಲ, ಇಬ್ಬರಿಗೂ ಗೆಲ್ಲುವುದನ್ನು ಕಷ್ಟ ಮಾಡುವ ಕೆಲಸ.

ಸಮುದ್ರದಲ್ಲಿ ಮಾತ್ರ ಕಥೆ ಬೇರೆ. ಹೆಸರಿಗೂ ನೌಕಾಪಡೆ ಉಳಿಯದ ಉಕ್ರೇನ್, ಸ್ಫೋಟಕ ತುಂಬಿದ ಮಾನವರಹಿತ ದೋಣಿಗಳನ್ನು ಬಿಟ್ಟು ರಷ್ಯದ ಕಪ್ಪು ಸಮುದ್ರದ ನೌಕಾಪಡೆಯನ್ನು ಕ್ರಿಮಿಯದಿಂದ ಪೂರ್ವದ ಬಂದರುಗಳಿಗೆ ಓಡಿಸಿತು. 2024ರ ಡಿಸೆಂಬರ್ 31ರಂದು ಅಂಥ ದೋಣಿಯೊಂದು ಕ್ಷಿಪಣಿ ಹಾರಿಸಿ ಹೆಲಿಕಾಪ್ಟರ್ ಒಂದನ್ನೇ ಬೀಳಿಸಿತು ಎಂದು ಉಕ್ರೇನ್ ಹೇಳಿತು.

ನನಗೆ ಇರುಸುಮುರುಸು ಮಾಡುವ ಭಾಗಕ್ಕೆ ಬರುತ್ತೇನೆ. ಉಕ್ರೇನಿನ ಸೇನೆಯಲ್ಲಿ ಅಂಕದ ಪದ್ಧತಿ ಇದೆ. ಡ್ರೋನ್ ತುಕಡಿಗಳು ಹೊಡೆದ ಪ್ರತಿ ಗುರಿಯ ವಿಡಿಯೋ ಕಳಿಸಬೇಕು. ಪರಿಶೀಲಿಸಿ ಅಂಕ ಕೊಡುತ್ತಾರೆ. ಟ್ಯಾಂಕ್‌ಗೆ ಇಷ್ಟು, ಸೈನಿಕನಿಗೆ ಇಷ್ಟು. ಆ ಅಂಕ ಕೊಟ್ಟು ಸರ್ಕಾರದ ಆನ್‌ಲೈನ್ ಅಂಗಡಿಯಲ್ಲಿ ಹೊಸ ಡ್ರೋನ್ ಕೊಳ್ಳಬಹುದು. ಚೆನ್ನಾಗಿ ಹೊಡೆಯುವ ತುಕಡಿಗೆ ಸಾಮಾನು ಬೇಗ ಸಿಗುತ್ತದೆ, ಯಾವ ಡ್ರೋನ್ ಕೆಲಸಕ್ಕೆ ಬರುತ್ತೆ ಅಂತ ಗೊತ್ತಾಗುತ್ತದೆ. ದಾಳಿಗೆ ಒಳಗಾದ ದೇಶ, ಉಳಿಯಬೇಕಾದ ಹಟ, ಎಲ್ಲ ಅರ್ಥವಾಗುತ್ತದೆ. ಆದರೂ ಸಾವಿಗೆ ಪಾಯಿಂಟ್ಸ್ ಅಂದಾಗ ಹೊಟ್ಟೆಯೊಳಗೆ ಏನೋ ಆಗುತ್ತೆ.

ಅದೇ ಗಾಗಲ್‌ಗಳ ಇನ್ನೊಂದು ಬಳಕೆ ಖೆರ್ಸಾನ್‌ನಲ್ಲಿ ನಡೆದಿದೆ. ನದಿಯ ಆಚೆ ದಡದಲ್ಲಿ ರಷ್ಯದ ಪೈಲಟ್‌ಗಳು. ಈಚೆ ದಡದ ಊರಲ್ಲಿ ಬಸ್ಸಿಗೆ ಕಾಯುವವರು, ಸೈಕಲ್ ಮೇಲೆ ಹೋಗುವವರು, ಆಂಬುಲೆನ್ಸ್. ಡ್ರೋನ್‌ಗಳು ಇವರ ಬೆನ್ನುಹತ್ತಿ ಬಾಂಬ್ ಹಾಕಿದವು. ಸ್ಥಳೀಯರು ಇದನ್ನು ಕರೆಯುವುದು ‘ಮನುಷ್ಯ ಬೇಟೆ’ ಎಂದು. ವಿಶ್ವಸಂಸ್ಥೆ ನೇಮಿಸಿದ ವಿಚಾರಣಾ ಆಯೋಗ 2025ರ ಮೇ ತಿಂಗಳಲ್ಲಿ ಇದು ಮಾನವತೆಯ ವಿರುದ್ಧದ ಅಪರಾಧ ಎಂದೇ ಹೇಳಿತು. ಫಿರಂಗಿ ಗುಂಡು ತಪ್ಪಿ ಮನೆ ಮೇಲೆ ಬಿತ್ತು ಅನ್ನಬಹುದು. ಇಲ್ಲಿ ಹೊಡೆಯುವವನು ಕೊನೆಯ ಕ್ಷಣದ ತನಕ ಮುಖ ನೋಡುತ್ತಿರುತ್ತಾನೆ.

ಈಗ ನಮ್ಮ ಕಡೆಗೆ. 2025ರ ಮೇ 7ರಿಂದ 10ರವರೆಗೆ ನಡೆದ ಆಪರೇಷನ್ ಸಿಂಧೂರ, ಎರಡು ಅಣ್ವಸ್ತ್ರ ದೇಶಗಳು ಪರಸ್ಪರ ಡ್ರೋನ್ ಹಾರಿಸಿದ ಮೊದಲ ಸಂಘರ್ಷ. ಮೇ 8ರ ರಾತ್ರಿ ಪಾಕಿಸ್ತಾನ ಲೇಹ್‌ನಿಂದ ಸರ್ ಕ್ರೀಕ್‌ವರೆಗೆ 36 ಜಾಗಗಳಲ್ಲಿ 300ರಿಂದ 400 ಡ್ರೋನ್ ಕಳಿಸಿತು ಎಂದು ನಮ್ಮ ಸರ್ಕಾರ ಹೇಳಿತು. ನಮ್ಮ ರಾಡಾರ್‌ಗಳು ಎಲ್ಲಿವೆ, ಹೇಗೆ ಕೆಲಸ ಮಾಡುತ್ತವೆ ಅಂತ ಪರೀಕ್ಷಿಸುವುದು ಅದರ ಉದ್ದೇಶ ಇದ್ದಿರಬಹುದು ಎಂದೂ ಹೇಳಿತು. ಅಜರ್‌ಬೈಜಾನ್‌ನ ಹಳೇ ವಿಮಾನಗಳ ಉಪಾಯ ನೆನಪಾಯಿತಲ್ವಾ? ಆ ದಿನಗಳಲ್ಲಿ ಪಂಜಾಬಿನ ಫಿರೋಜ್‌ಪುರದ ಬಳಿ ಡ್ರೋನ್ ಬಿದ್ದು ಒಂದೇ ಮನೆಯವರು ಸುಟ್ಟು ಗಾಯಗೊಂಡರು. ಅವರಲ್ಲಿ ಒಬ್ಬರು ಕೆಲವು ದಿನಗಳ ನಂತರ ತೀರಿಕೊಂಡರು.

ಆ ಡ್ರೋನ್‌ಗಳನ್ನು ಬೀಳಿಸಿದ್ದು ಯಾವುದು ಎಂಬುದು ಇನ್ನೂ ಕುತೂಹಲದ ವಿಷಯ. ಎಸ್-400, ಆಕಾಶ್ ಕ್ಷಿಪಣಿಗಳ ಹೆಸರು ಎಲ್ಲರಿಗೂ ಗೊತ್ತು. ಆದರೆ ಸಣ್ಣ ಡ್ರೋನ್‌ಗಳ ಮೇಲೆ ಚೆನ್ನಾಗಿ ಕೆಲಸ ಮಾಡಿದವುಗಳಲ್ಲಿ ಎಲ್-70 ಎಂಬ ಅಜ್ಜನ ಕಾಲದ ತೋಪೂ ಒಂದು. ಸ್ವೀಡನ್ನಿನ ಬೋಫೋರ್ಸ್ ವಿನ್ಯಾಸ, ಹಲವು ದಶಕಗಳಿಂದ ನಮ್ಮ ಸೇನೆಯಲ್ಲಿದೆ. ಅದಕ್ಕೆ ಹೊಸ ಕ್ಯಾಮೆರಾ, ಲೇಸರ್ ದೂರಮಾಪಕ, ವಿದ್ಯುತ್ ಮೋಟಾರ್ ಜೋಡಿಸಿ ಮರುಜೀವ ಕೊಟ್ಟದ್ದು ಬೆಂಗಳೂರಿನ ಬಿಇಎಲ್. ಒಂದು ಕ್ಷಿಪಣಿಯ ಬೆಲೆಗೆ ಇದರ ಗುಂಡು ಎಷ್ಟೋ ಸಾವಿರ ಸಿಗುತ್ತವೆ. ಹಳೇದು ಅಂತ ಬಿಸಾಕದೆ ಇಟ್ಟುಕೊಂಡದ್ದು ಇಲ್ಲಿ ಲಾಭ ತಂತು. ಉಕ್ರೇನಿನವರೂ ಶಾಹೆದ್‌ಗೆ ಪೇಟ್ರಿಯಾಟ್ ಸುರಿಯುವುದಿಲ್ಲ. ಪಿಕಪ್ ಗಾಡಿಯ ಮೇಲೆ ಮೆಷಿನ್ ಗನ್ ಕೂರಿಸಿಕೊಂಡು ಓಡಾಡುತ್ತಾರೆ. ದೇಶದ ತುಂಬ ಕಂಬಗಳ ಮೇಲೆ ಸಾವಿರಾರು ಮೈಕ್ ಕಟ್ಟಿದ್ದಾರೆ. ಆ ಮೊಪೆಡ್ ಸದ್ದು ಎತ್ತ ಹೋಗುತ್ತಿದೆ ಅಂತ ಅವು ಕೇಳಿ ಹೇಳುತ್ತವೆ. ಒಂದೊಂದು ಮೈಕಿಗೆ ಆದ ಖರ್ಚು 400-500 ಡಾಲರ್. ಈಗೀಗ ಡ್ರೋನ್ ಹೊಡೆಯಲು ಡ್ರೋನನ್ನೇ ಕಳಿಸುತ್ತಿದ್ದಾರೆ, ಕೆಲವೇ ಸಾವಿರ ಡಾಲರ್‌ನದು. ನಮ್ಮ ಡಿಆರ್‌ಡಿಒ 2025ರ ಏಪ್ರಿಲ್‌ನಲ್ಲಿ ಕರ್ನೂಲಿನಲ್ಲಿ 30 ಕಿಲೋವ್ಯಾಟ್ ಲೇಸರ್‌ನಿಂದ ಡ್ರೋನ್ ಸುಟ್ಟು ತೋರಿಸಿದ್ದೂ ಇದೇ ಲೆಕ್ಕಕ್ಕೆ. ಲೇಸರ್‌ಗೆ ಗುಂಡಿನ ಖರ್ಚಿಲ್ಲ, ಕರೆಂಟ್ ಬಿಲ್ ಅಷ್ಟೆ.

ದಾಳಿಯ ಕಡೆಯಲ್ಲೂ ಬೆಂಗಳೂರಿನ ಪಾಲಿದೆ. ಇಸ್ರೇಲಿನ ಎಲ್ಬಿಟ್ ಜೊತೆ ಸೇರಿ ಇಲ್ಲೇ ತಯಾರಾಗುವ ಸ್ಕೈಸ್ಟ್ರೈಕರ್ ಡ್ರೋನ್ ಸಿಂಧೂರದಲ್ಲಿ ಬಳಕೆಯಾಯಿತು ಎಂದು ಆಗ ಪತ್ರಿಕೆಗಳಲ್ಲಿ ಬಂತು. ಗುರಿ ಸಿಗುವ ತನಕ ಆಕಾಶದಲ್ಲಿ ಸುತ್ತುತ್ತಿದ್ದು, ಸಿಕ್ಕ ಕೂಡಲೇ ಮೇಲೆರಗುವ ಜಾತಿಯದು. ಆದರೆ ಸ್ವಂತ ವಿನ್ಯಾಸದ ದೊಡ್ಡ ಡ್ರೋನ್‌ನಲ್ಲಿ ನಾವು ಎಡವಿದ್ದೇವೆ. ಬೆಂಗಳೂರಿನ ಎಡಿಇ ಪ್ರಯೋಗಾಲಯದ ತಪಸ್ ಡ್ರೋನ್ 30,000 ಅಡಿ ಎತ್ತರದಲ್ಲಿ 24 ಗಂಟೆ ಹಾರಬೇಕಿತ್ತು. ಎರಡೂ ಮುಟ್ಟಲಿಲ್ಲ. 2023ರ ಆಗಸ್ಟ್‌ನಲ್ಲಿ ಅದು ಚಿತ್ರದುರ್ಗ ಜಿಲ್ಲೆಯ ವದ್ದಿಕೆರೆಯ ಹೊಲದಲ್ಲಿ ಬಿದ್ದಾಗ ಊರಿನವರೆಲ್ಲ ಸೇರಿ ಮೊಬೈಲ್‌ನಲ್ಲಿ ವಿಡಿಯೋ ಮಾಡಿದ್ದರು. ಮರುವರ್ಷ ಜನವರಿಯಲ್ಲಿ ಆ ಯೋಜನೆಯನ್ನು ತುರ್ತಿನ ಪಟ್ಟಿಯಿಂದ ತೆಗೆದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದಿಂದ 31 ಎಂಕ್ಯೂ-9ಬಿ ಡ್ರೋನ್ ಕೊಳ್ಳಲು ಸಹಿಯಾಯಿತು. ವೆಚ್ಚ 32 ಸಾವಿರ ಕೋಟಿ ರೂಪಾಯಿ ಆಸುಪಾಸು. ಹಿಂದೂ ಮಹಾಸಾಗರದ ಮೇಲೆ ದಿನಗಟ್ಟಲೆ ಕಣ್ಣಿಡಲು ಅವು ಬೇಕು, ಒಪ್ಪೋಣ. ಆದರೆ ಇದೇ ಜಾತಿಯ ಅಮೆರಿಕದ ಎಂಕ್ಯೂ-9 ಡ್ರೋನ್‌ಗಳನ್ನು ಯೆಮೆನ್‌ನ ಹೂತಿ ಬಂಡುಕೋರರು ಒಂದರ ಹಿಂದೆ ಒಂದು ಬೀಳಿಸಿದ್ದಾರೆ. ಇಷ್ಟು ದುಡ್ಡಿಗೆ ಎಷ್ಟು ಅಗ್ಗದ ಡ್ರೋನ್ ಬರುತ್ತಿತ್ತು ಎಂಬ ಪ್ರಶ್ನೆ ನನ್ನ ತಲೆಯಿಂದ ಹೋಗುತ್ತಿಲ್ಲ. ಸೇನೆಗೂ ಇದು ಗೊತ್ತಿರುವ ಹಾಗಿದೆ. 2025ರ ಜುಲೈನಿಂದ ಕಾಲಾಳು ಪಡೆಯ ಬೆಟಾಲಿಯನ್‌ಗಳಲ್ಲಿ ಡ್ರೋನ್ ತುಕಡಿ ಕಟ್ಟುವ ಕೆಲಸ ಶುರುವಾಗಿದೆ.

ಅಗ್ಗದ ಡ್ರೋನ್ ಮಾಡಲು ಹೊರಟರೆ ಎದುರಾಗುವುದು ಚೀನಾ. ಮೋಟಾರ್, ಅದರೊಳಗಿನ ಆಯಸ್ಕಾಂತ, ಬ್ಯಾಟರಿ, ಕ್ಯಾಮೆರಾ, ಎಲ್ಲ ಅಲ್ಲಿಂದಲೇ. ಉಕ್ರೇನ್, ರಷ್ಯ ಇಬ್ಬರೂ ಅದೇ ಮಾರುಕಟ್ಟೆಯ ಗಿರಾಕಿಗಳು. ಚೀನಾ 2024ರಲ್ಲಿ ಅಮೆರಿಕದ ಸ್ಕೈಡಿಯೋ ಕಂಪನಿಯ ಮೇಲೆ ನಿರ್ಬಂಧ ಹಾಕಿದಾಗ ಆ ಕಂಪನಿ ಗಿರಾಕಿಗಳಿಗೆ ಡ್ರೋನಿಗೊಂದೇ ಬ್ಯಾಟರಿ ಅಂತ ರೇಷನ್ ಮಾಡಬೇಕಾಯಿತು. ನಮ್ಮಲ್ಲೂ 2025ರ ಫೆಬ್ರವರಿಯಲ್ಲಿ, ಚೀನಾ ಬಿಡಿಭಾಗಗಳಿವೆ ಎಂಬ ಕಾರಣಕ್ಕೆ ಗಡಿಗೆಂದು ಕೊಳ್ಳಬೇಕಿದ್ದ 400 ಡ್ರೋನ್‌ಗಳ ಒಪ್ಪಂದ ರದ್ದಾಯಿತು. ಹೊರಗೆ ಭಾರತದ ಹೆಸರು ಬರೆದು ಒಳಗೆ ಚೀನಾದ ಶೆನ್‌ಝೆನ್ ಊರಿನ ಮಾಲು ಇಟ್ಟರೆ ಯುದ್ಧ ಬಂದ ದಿನ ಅಂಗಡಿ ಬಾಗಿಲು ಹಾಕುತ್ತೆ, ಅಷ್ಟೇ.

ಅಗ್ಗ ಅಂದ ಮೇಲೆ ಸರ್ಕಾರಗಳಿಗೆ ಮಾತ್ರ ಅಗ್ಗ ಆಗುತ್ತಾ? 2019ರ ಸೆಪ್ಟೆಂಬರ್ 14ರಂದು ಸೌದಿಯ ಅಬ್ಕೈಕ್ ತೈಲ ಘಟಕದ ಮೇಲೆ ಡ್ರೋನ್, ಕ್ಷಿಪಣಿಗಳು ಬಿದ್ದು ಆ ದೇಶದ ತೈಲ ಉತ್ಪಾದನೆಯ ಅರ್ಧ ಭಾಗ ಕೆಲವು ದಿನ ನಿಂತಿತ್ತು. 2021ರ ಜೂನ್‌ನಲ್ಲಿ ಜಮ್ಮು ವಾಯುನೆಲೆಯ ಮೇಲೆ ಎರಡು ಸಣ್ಣ ಡ್ರೋನ್ ಸ್ಫೋಟಕ ಹಾಕಿದವು. 2024ರ ಸೆಪ್ಟೆಂಬರ್‌ನಲ್ಲಿ ಮಣಿಪುರದ ಕೌಟ್ರುಕ್ ಹಳ್ಳಿಯ ಮೇಲೆ ಡ್ರೋನ್‌ನಿಂದ ಬಾಂಬ್ ಹಾಕಿದರು ಎಂದು ಅಲ್ಲಿನ ಪೊಲೀಸರು ಹೇಳಿದರು. ಹೂತಿಗಳ ಡ್ರೋನ್, ಕ್ಷಿಪಣಿಗಳಿಗೆ ಹೆದರಿ ಹಡಗುಗಳು ಕೆಂಪು ಸಮುದ್ರ ಬಿಟ್ಟು ಇಡೀ ಆಫ್ರಿಕವನ್ನು ಸುತ್ತಿ ಹೋದವು. ಗಡಿಯಿಂದ ಇಷ್ಟು ದೂರ ಅಂದರೆ ಸುರಕ್ಷಿತ ಎಂಬ ಲೆಕ್ಕವನ್ನೂ 2025ರ ಜೂನ್ 1 ಕೆಡಿಸಿತು. ಉಕ್ರೇನಿನ ಗುಪ್ತಚರರು ಲಾರಿಗಳ ಮೇಲಿನ ಮರದ ಗೂಡುಗಳಲ್ಲಿ 117 ಡ್ರೋನ್ ಬಚ್ಚಿಟ್ಟು ರಷ್ಯದೊಳಗೆ ಸಾಗಿಸಿದ್ದರು. ಆ ದಿನ ಗೂಡಿನ ಮುಚ್ಚಳ ತೆರೆದವು. ಸೈಬೀರಿಯದ ಬೆಲಾಯಾ ನೆಲೆಯವರೆಗೆ, ಬಯಲಿನಲ್ಲಿ ನಿಂತಿದ್ದ ಬಾಂಬರ್‌ಗಳು ಹೊತ್ತಿ ಉರಿದವು. ಅವುಗಳಲ್ಲಿ ಅಣುಬಾಂಬ್ ಹೊರುವಂಥವೂ ಇದ್ದವು. 41 ವಿಮಾನಕ್ಕೆ ಪೆಟ್ಟು ಬಿತ್ತು ಎಂದು ಉಕ್ರೇನ್ ಹೇಳಿತು. ಸಂಖ್ಯೆ ಅದಕ್ಕಿಂತ ಕಮ್ಮಿ ಇರಬಹುದು. ಆದರೂ ಪ್ರತಿ ದೇಶದ ವಾಯುಪಡೆಯೂ ಮರುದಿನ ತನ್ನ ವಿಮಾನಗಳಿಗೆ ಚಾವಣಿ ಇದೆಯಾ ಅಂತ ನೋಡಿಕೊಂಡಿರುತ್ತೆ.

ಪೈಲಟ್ ಇಲ್ಲದಿರುವುದು ಯುದ್ಧವನ್ನು ಹತ್ತಿರ ತರುತ್ತದಾ, ದೂರ ತಳ್ಳುತ್ತದಾ? ಇದಕ್ಕೆ ಒಂದೇ ಉತ್ತರ ಇಲ್ಲ. 2019ರ ಫೆಬ್ರವರಿಯಲ್ಲಿ ನಮ್ಮ ಮಿಗ್-21 ಬಿದ್ದು ವಿಂಗ್ ಕಮಾಂಡರ್ ಅಭಿನಂದನ್ ಸೆರೆಯಾದಾಗ ಎರಡು ದೇಶಗಳ ಉಸಿರು ಬಿಗಿಹಿಡಿದಿತ್ತು. ಅದೇ ವರ್ಷ ಜೂನ್‌ನಲ್ಲಿ ಇರಾನ್ ಅಮೆರಿಕದ ಭಾರೀ ಡ್ರೋನ್ ಒಂದನ್ನು ಹೊಡೆದುರುಳಿಸಿತು. ಟ್ರಂಪ್ ಪ್ರತಿದಾಳಿಗೆ ಸಿದ್ಧರಾಗಿದ್ದವರು ಕೊನೇ ಗಳಿಗೆಯಲ್ಲಿ ಕೈಬಿಟ್ಟರು. ಮನುಷ್ಯರಿಲ್ಲದ ಡ್ರೋನ್‌ಗಾಗಿ 150 ಜನರನ್ನು ಕೊಲ್ಲುವುದು ಸರಿಯಲ್ಲ ಎಂದರು. ಇಲ್ಲಿ ಡ್ರೋನ್ ಯುದ್ಧ ತಪ್ಪಿಸಿತು. ಆದರೆ ಪೈಲಟ್ ಸಾಯುವ ಭಯ ಇಲ್ಲದ್ದರಿಂದಲೇ ಗಡಿಯಾಚೆಗೆ ಕಳಿಸುವುದು ಸಲೀಸಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಷ್ಯದ ಸುಮಾರು 20 ಡ್ರೋನ್ ಪೋಲೆಂಡಿನೊಳಗೆ ಬಂದವು. ಸಿಕ್ಕವುಗಳಲ್ಲಿ ಹಲವು ಆ ಪ್ಲೈವುಡ್ ಗೆರ್ಬೆರಾಗಳು. ಅವನ್ನು ಹೊಡೆಯಲು ನ್ಯಾಟೋ ಎದ್ದು ಕಳಿಸಿದ್ದು ಎಫ್-35 ಯುದ್ಧ ವಿಮಾನಗಳನ್ನು. ಇಂಥ ಒಂದು ರಾತ್ರಿ ಯಾರದೋ ಕೈ ತಪ್ಪಿದರೆ ಅನ್ನುವ ಭಯ ಸಣ್ಣದಲ್ಲ.

ಇನ್ನು ಗುಂಡಿ ಒತ್ತುವ ಮನುಷ್ಯನೇ ಇಲ್ಲದ ಡ್ರೋನ್. ಅದು ದೂರದ ಮಾತಲ್ಲ. ಜಾಮರ್ ಕಾಟ ತಪ್ಪಿಸಲು ಕೊನೆಯ ಕೆಲವು ನೂರು ಮೀಟರ್ ಡ್ರೋನ್ ತಾನೇ ಗುರಿ ಹಿಡಿದುಕೊಂಡು ಹೋಗುವ ಸಣ್ಣ ಚಿಪ್‌ಗಳು ಉಕ್ರೇನಿನಲ್ಲಿ ಆಗಲೇ ಬಳಕೆಯಲ್ಲಿವೆ. ಮನುಷ್ಯ ಇದ್ದರೆ ಎಲ್ಲ ಸರಿ ಇರುತ್ತೆ ಅಂತಲೂ ಅಲ್ಲ. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಒಂದು ಬಿಳಿ ಕಾರನ್ನು ಅಮೆರಿಕದವರು ಎಂಟು ಗಂಟೆ ಹಿಂಬಾಲಿಸಿ ನೋಡಿದರು. ಕಾರಿಗೆ ತುಂಬಿದ್ದು ನೀರಿನ ಕ್ಯಾನ್. ಅವರಿಗೆ ಕಂಡದ್ದು ಸ್ಫೋಟಕ. ಸತ್ತವರು ಹತ್ತು ಜನ, ಅದರಲ್ಲಿ ಏಳು ಮಕ್ಕಳು. ಎಂಟು ಗಂಟೆ ನೋಡಿಯೂ ತಪ್ಪಿದ ಕಣ್ಣಿನ ಜಾಗಕ್ಕೆ ಈಗ ಅರ್ಧ ಸೆಕೆಂಡಿನಲ್ಲಿ ತೀರ್ಮಾನ ಮಾಡುವ ಚಿಪ್ ಬರುತ್ತಿದೆ. ಅದು ತಪ್ಪಿದಾಗ ಯಾರನ್ನು ಕೇಳಬೇಕು?

ಇದರ ಬಗ್ಗೆ 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಂದು ನಿರ್ಣಯ ತಂದಿತು. ಪರವಾಗಿ 152 ದೇಶ. ವಿರುದ್ಧ ಮತ ಹಾಕಿದ ಬೆರಳೆಣಿಕೆಯ ದೇಶಗಳಲ್ಲಿ ರಷ್ಯದ ಜೊತೆ ಭಾರತವೂ ಇತ್ತು. ಜಿನೀವಾದಲ್ಲಿ ಇದೇ ವಿಷಯಕ್ಕೆ ಒಂದು ಗುಂಪು ಕೂತಿದೆ, ಅದೇ ಸರಿಯಾದ ಜಾಗ, ಇನ್ನೊಂದು ಯಾಕೆ ಎಂಬುದು ನಮ್ಮ ವಾದ. ಆ ಗುಂಪಿಗೆ ಕೊಟ್ಟಿರುವ ಗಡುವು 2026. ಅಲ್ಲಿ ತೀರ್ಮಾನ ಆಗಬೇಕಾದರೆ ಎಲ್ಲ ದೇಶಗಳೂ ಒಪ್ಪಬೇಕು. ಒಂದು ದೇಶ ಬೇಡ ಅಂದರೂ ಕಡತ ಮುಂದಿನ ಸಭೆಗೆ ಹೋಗುತ್ತದೆ.